ನಡೆಯುವವರ ವೇಗ

ಕಾಲುವೆ ದಂಡೆಯ ಮೇಲಿನ ದಾರಿಯಲ್ಲಿ ಎಲೆಕ್ಟ್ರಿಕ್ ಬೈಕು ಓಡಿಸುವವರಿಗೆ ನಿಯಮಗಳು ಬೇಕು ಎಂದು ಪುರಸಭೆಗೆ ಹೊಳೆದದ್ದು, ಅದರ ಸದಸ್ಯರೊಬ್ಬರು ಹೂವಿನ ಪಾತಿಯೊಳಗೆ ಬಿದ್ದ ಮೇಲೆ. ಅದಕ್ಕೂ ಮುಂಚೆ ಅಲ್ಲಿ ಬೇಕಾದಷ್ಟು ಜನ ಬಿದ್ದಿದ್ದರು. ಬಿದ್ದವರು ಎದ್ದು, ಮೈ ಕೊಡವಿಕೊಂಡು, ಅಷ್ಟರಲ್ಲಿ ತಿರುವು ದಾಟಿ ಮಾಯವಾಗಿರುತ್ತಿದ್ದ ಬೈಕಿನವನನ್ನು ಬಾಯ್ತುಂಬ ಬೈದು ಮನೆಗೆ ಹೋಗುತ್ತಿದ್ದರು. ಸದಸ್ಯರು ಬಿದ್ದಾಗ ಅದು ಸಾರ್ವಜನಿಕ ಸಮಸ್ಯೆಯಾಯಿತು.

ಆ ಬೆಳಿಗ್ಗೆ ಸದಸ್ಯರು ಫೋನಿನಲ್ಲಿ ಮಾತಾಡುತ್ತ ದಾರಿಯ ನಟ್ಟನಡುವೆ ನಡೆಯುತ್ತಿದ್ದರು. ಹಿಂದಿನಿಂದ ಬಂದ ಬೈಕೊಂದು ಅವರ ಮೊಣಕೈ ಸವರಿಕೊಂಡು ಮುಂದೆ ಹೋಯಿತು. ಪೆಟ್ರೋಲ್ ಗಾಡಿಯಾಗಿದ್ದರೆ ಸದ್ದು ಕೇಳಿ ಪಕ್ಕಕ್ಕೆ ಸರಿಯಬಹುದಿತ್ತು. ಇದು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೇ ಹೋಯಿತು. ಸದಸ್ಯರು ಗಾಬರಿಯಿಂದ ನೆಗೆದರು. ಪಾತಿಯ ಸುತ್ತ ಕಟ್ಟಿದ್ದ ತಂತಿಗೆ ಪ್ಯಾಂಟು ಸಿಕ್ಕಿ ಪರ್ರೆಂದು ಹರಿಯಿತು. ಮೈಗೆ ಏನೂ ಆಗಲಿಲ್ಲ, ಆದದ್ದೆಲ್ಲ ಮರ್ಯಾದೆಗೆ. ತಮ್ಮ ಬೀಗರ ಜೊತೆ ವಾಕಿಂಗ್ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಅವರನ್ನು ಕೈಹಿಡಿದು ಎಬ್ಬಿಸಿ, "ನಮಗೆ ದಿನಾ ಹೀಗೇ ಆಗುತ್ತೆ ಸಾರ್" ಅಂದರು. ಸಮಾಧಾನಕ್ಕೆಂದು ಹೇಳಿದ ಮಾತು. ಸದಸ್ಯರಿಗೆ ಅದೇ ಹೆಚ್ಚು ಚುಚ್ಚಿತು.

ಹರಿದ ಪ್ಯಾಂಟಿನಲ್ಲಿ ಮನೆಯವರೆಗೆ ನಡೆಯುವ ಧೈರ್ಯವಿಲ್ಲದೆ ಅವರು ಕಾಲುವೆಯ ಕಿರುಸೇತುವೆ ದಾಟಿ, ಮಾರ್ಕೆಟ್ ಗಲ್ಲಿಯ ಬಾಯಲ್ಲೇ ಇದ್ದ ಅತ್ತಿಗೆಯ ಅಂಗಡಿಗೆ ನುಗ್ಗಿದರು.

ಅತ್ತಿಗೆಯನ್ನು ಊರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿತ್ತು. ಸದಸ್ಯರ ಅಣ್ಣ ತೀರಿಕೊಂಡ ಮೇಲೆ ಅವನ ಹೊಲಿಗೆ ಅಂಗಡಿಯನ್ನು ಆಕೆ ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಮಹಡಿ ಮೆಟ್ಟಿಲಿನ ಕೆಳಗಿನ ಜಾಗ ಅದು. ಬಾಗಿಲಲ್ಲಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋಗುತ್ತ ಹೋಗುತ್ತ ತಲೆ ತಗ್ಗಿಸಬೇಕು. ಕಾಲಲ್ಲಿ ತುಳಿಯುವ ಒಂದು ಹಳೆಯ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಪರದೆ ಇಳಿಬಿಟ್ಟ ಗೂಡು. ಹೊಸ ಬಟ್ಟೆ ಹೊಲಿಸುವವರು ಈಗ ಕಡಿಮೆ. ಆದರೆ ದಪ್ಪಗಾದವರೂ ತೆಳ್ಳಗಾದವರೂ ಆಕೆಯ ಹತ್ತಿರವೇ ಬರಬೇಕು, ಮತ್ತು ಜನ ದಪ್ಪಗಾಗುವುದನ್ನಾಗಲಿ ತೆಳ್ಳಗಾಗುವುದನ್ನಾಗಲಿ ನಿಲ್ಲಿಸುವವರಲ್ಲ.

ಸದಸ್ಯರು ಪರದೆಯ ಹಿಂದೆ ಹೋಗಿ ಪ್ಯಾಂಟು ಬಿಚ್ಚಿ ಕೈ ಹೊರಗೆ ಚಾಚಿದರು.

"ಯಾರು ಅಂತ ನೋಡಿದೆಯಾ?" ಎಂದು ಟೈಲರಮ್ಮ ಕೇಳಿದಳು.

"ಎಲ್ಲಿ ನೋಡೋದು ಅತ್ತಿಗೆ? ಬೆನ್ನು ಕಾಣಿಸ್ತು. ಎಲ್ಲರ ಬೆನ್ನೂ ಒಂದೇ ಥರ."

ಆಕೆ ಹರುಕಿನ ಅಂಚು ಜೋಡಿಸಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಪರದೆಯ ಹಿಂದಿನಿಂದ ಸದಸ್ಯರು ನಿಯಮಗಳನ್ನು ಒಂದೊಂದಾಗಿ ಹೇಳತೊಡಗಿದರು. ನಡೆಯುವವರು ಎಷ್ಟು ವೇಗದಲ್ಲಿ ಹೋಗುತ್ತಾರೋ ಬೈಕಿನವರೂ ಅಷ್ಟೇ ವೇಗದಲ್ಲಿ ಹೋಗಬೇಕು. ಯಾರನ್ನೇ ದಾಟುವ ಮುಂಚೆ ಬೆಲ್ಲು ಮಾಡಬೇಕು, ಜಾಗವಿಲ್ಲದಿದ್ದರೆ ದಾಟಲೇಬಾರದು. ಸೇತುವೆಯ ಮೇಲೆ ಇಳಿದು ತಳ್ಳಿಕೊಂಡು ಹೋಗಬೇಕು. ಹೆಲ್ಮೆಟ್ ಇಲ್ಲದವರು ದಂಡೆಗೇ ಬರಕೂಡದು.

"ಹೇಗಿದೆ ಅತ್ತಿಗೆ?"

"ಹ್ಞೂಂ" ಅಂದಳು ಟೈಲರಮ್ಮ. ಬಾಯಲ್ಲಿ ಸೂಜಿ ಇದ್ದುದರಿಂದ ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಮುಂದೆ ಪುರಸಭೆಯ ಠರಾವಿನಲ್ಲಿ, ನಿಯಮಗಳನ್ನು ಸಾರ್ವಜನಿಕರೊಂದಿಗೆ ಸಮಾಲೋಚಿಸಿ ರೂಪಿಸಲಾಗಿದೆ ಎಂಬ ಮಾತು ಸೇರಿತು.

ಸದಸ್ಯರಿಗೆ ಮರೆತುಹೋಗಿದ್ದ ಒಂದು ಸಂಗತಿಯೆಂದರೆ, ಸ್ವಲ್ಪ ದಿನದ ಹಿಂದೆಯಷ್ಟೇ ಅತ್ತಿಗೆ ಕೂಡ ಎಲೆಕ್ಟ್ರಿಕ್ ಬೈಕು ಕೊಂಡಿದ್ದಳು. ವರ್ಷಗಟ್ಟಲೆ ಯಂತ್ರ ತುಳಿದು ಆಕೆಯ ಎರಡು ಮಂಡಿಗಳೂ ಸವೆದಿದ್ದವು. ಕಡಿಮೆ ನಡೆಯಿರಿ ಎಂದು ಡಾಕ್ಟರು ಹೇಳಿದ ದಿನವೇ ಮಗಳು ಶೋರೂಮಿಗೆ ಹೋಗಿ, ತಗ್ಗಾದ ಸೀಟಿನ, ಮುಂದೆ ಬುಟ್ಟಿ ಇರುವ ಒಂದು ಬೈಕು ತಂದು ನಿಲ್ಲಿಸಿದ್ದಳು. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹೆಚ್ಚು ಮಾತಿನವಳಲ್ಲ. "ಓಡಿಸಮ್ಮ, ಬೀಳಲ್ಲ" ಅಂದಳು, ಅಷ್ಟೇ. ಟೈಲರಮ್ಮ ಓಡಿಸಿದಳು, ಬೀಳಲಿಲ್ಲ. ಮನೆಯಿಂದ ಅಂಗಡಿಗೆ ಮುಖ್ಯರಸ್ತೆಯಲ್ಲಿ ಹೋದರೆ ಲಾರಿಗಳ ಕಾಟ, ಹಾಗಾಗಿ ಕಾಲುವೆ ದಂಡೆಯೇ ಆಕೆಯ ದಾರಿಯಾಯಿತು. ಬಹಳ ವರ್ಷಗಳ ಮೇಲೆ ಮುಖಕ್ಕೆ ಗಾಳಿ ಬಡಿಯುವಷ್ಟು ವೇಗವಾಗಿ ಎಲ್ಲಿಗೋ ಹೋಗುವುದು ಆಕೆಗೆ ಬಹಳ ಹಿಡಿಸಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ದಂಡೆಯಲ್ಲಿ ನಿಯಮಗಳ ಬೋರ್ಡು ನೆಟ್ಟ ದಿನ ಆಕೆ ಬೈಕು ನಿಲ್ಲಿಸಿ ಮೇಲಿನಿಂದ ಕೆಳಗಿನವರೆಗೆ ಓದಿದಳು. ಸಂಜೆ ಮೈದುನನಿಗೆ ಫೋನು ಮಾಡಿದಳು.

"ಸೇತುವೆ ಮೇಲೆ ತಳ್ಕೊಂಡು ಹೋಗ್ಬೇಕಾ? ನಡೆಯೋಕಾಗಲ್ಲ ಅಂತ ತಾನೇ ನಾನು ಬೈಕು ತಗೊಂಡಿದ್ದು?"

"ಅಯ್ಯೋ ಅತ್ತಿಗೆ, ಅದು ನಿಮಗಲ್ಲ. ಅದು ಆ ಡೆಲಿವರಿಯವರು, ಪುಂಡರು, ಅಂಥವರಿಗೆ. ನೀವು ಆರಾಮವಾಗಿ ಓಡಾಡಿ. ನಿಮ್ಮನ್ನ ಯಾರು ಕೇಳ್ತಾರೆ?"

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ 'ನಿಮಗಲ್ಲ' ಎಂಬುದನ್ನು ಟೈಲರಮ್ಮ ಗಂಡ ಹೋದಾಗಿನಿಂದ ಕೇಳುತ್ತಲೇ ಬಂದಿದ್ದಳು. ಮನೆ ಭಾಗದ ಮಾತುಕತೆಗೆ ಅತ್ತಿಗೆಗೆ ಯಾಕೆ ತೊಂದರೆ ಎಂದು ಕರೆದಿರಲಿಲ್ಲ. ಸದಸ್ಯರ ಮಗನಿಗೆ ಹೆಣ್ಣು ನೋಡಲು ಹೋದಾಗಲೂ, ಅತ್ತಿಗೆಗೆ ಅಂಗಡಿ ಇರುತ್ತೆ ಪಾಪ ಎಂದು ಬಿಟ್ಟು ಹೋಗಿದ್ದರು. ಎಲ್ಲರೂ ಆಕೆಯ ಮೇಲೆ ದಯೆ ತೋರಿಸಿ ತೋರಿಸಿ ಆಕೆಯನ್ನು ಲೆಕ್ಕದಿಂದಲೇ ಕೈಬಿಟ್ಟಿದ್ದರು. ಈಗ ಊರಿನ ನಿಯಮವೂ ಆಕೆಗಲ್ಲವಂತೆ.

"ಬೋರ್ಡಿನಲ್ಲಿ 'ಅತ್ತಿಗೆಯನ್ನು ಬಿಟ್ಟು' ಅಂತ ಬರೆದಿಲ್ಲವಲ್ಲಪ್ಪ" ಅಂದಳು.

ಸದಸ್ಯರು ಅದನ್ನು ತಮಾಷೆ ಎಂದುಕೊಂಡು ನಕ್ಕು ಫೋನಿಟ್ಟರು.

ಮರುದಿನದಿಂದ ಟೈಲರಮ್ಮ ನಿಯಮ ಪಾಲಿಸತೊಡಗಿದಳು. ಎಲ್ಲವನ್ನೂ, ಬರೆದದ್ದು ಬರೆದ ಹಾಗೆ. ಆಕೆಯ ಕಸುಬೇ ಅಂಥದ್ದು. ಅಳತೆ ಎಷ್ಟೋ ಅಷ್ಟು ಕತ್ತರಿಸುವುದು ಗೊತ್ತು, ಸುಮಾರಾಗಿ ಕತ್ತರಿಸುವುದು ಗೊತ್ತಿಲ್ಲ.

ಬೆಳಿಗ್ಗೆ ಆಕೆ ದಂಡೆಗೆ ಬರುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಮತ್ತು ಅವರ ಬೀಗರು ಜೊತೆಯಾಗಿ ನಡೆಯುತ್ತಿರುತ್ತಿದ್ದರು. ಇಬ್ಬರೂ ಅಗಲವಾದ ಆಳುಗಳು, ದಾರಿ ಅಷ್ಟು ಅಗಲದ್ದಲ್ಲ. ದಾಟಲು ಜಾಗವಿಲ್ಲದ್ದರಿಂದ ಟೈಲರಮ್ಮ ಬೆಲ್ಲು ಮಾಡಿ ಅವರ ಹಿಂದೆಯೇ ಹೋಗುತ್ತಿದ್ದಳು. ಇವರದ್ದೋ ಮುಗಿಯದ ವಾದ. ಮದುವೆಯಾಗಿ ಎಷ್ಟೋ ವರ್ಷವಾದ ಮಕ್ಕಳ ವಿಷಯದಲ್ಲಿ ಯಾರು ಯಾರಿಗೆ ಹೊಂದಿಕೊಂಡರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ವಾದ ಬಿಸಿಯೇರಿದಾಗ ಬೀಗರು ನಿಂತು ಕೈಯಾಡಿಸುತ್ತಿದ್ದರು. ನಡೆಯುವವರು ನಿಂತರೆ ನಡೆಯುವವರ ವೇಗವೂ ಸೊನ್ನೆ. ಟೈಲರಮ್ಮ ಬ್ರೇಕು ಒತ್ತಿ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದಳು.

ಆಕೆಯ ಹಿಂದೆ ಉಳಿದವರು ಕಾಯುತ್ತಿದ್ದರು. ಬ್ಯಾಂಕಿನ ಗುಮಾಸ್ತೆ, ಹಾಲಿನ ಬೂತಿನವನು, ಟ್ಯೂಷನ್ನಿಗೆ ಹೊರಟ ಹುಡುಗಿಯರು, ಮತ್ತು ಬೆನ್ನಿಗೆ ಚೌಕಾಕಾರದ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಊಟ ತಲುಪಿಸುವ ಒಬ್ಬ. ಎರಡು ಮಕ್ಕಳ ತಂದೆಯಾದ ಅವನನ್ನು ದಂಡೆಯಲ್ಲಿ ಎಲ್ಲರೂ 'ಡಬ್ಬಿ' ಎಂದೇ ಕರೆಯುತ್ತಿದ್ದರು. ಡಬ್ಬಿಯ ಫೋನು ಅವನ ಎದೆಯ ಜೇಬಿನಿಂದ, "ನಿಮಗೆ ತಡವಾಗುತ್ತಿದೆ" ಎಂದು ಹೆಣ್ಣುದನಿಯಲ್ಲಿ ಹೇಳುತ್ತಲೇ ಇರುತ್ತಿತ್ತು.

"ಅಮ್ಮಾ, ಸ್ವಲ್ಪ ಎಡಕ್ಕೆ ತಗೊಳ್ಳಿ, ಹೋಗ್ಬಿಡ್ತೀನಿ" ಅನ್ನುತ್ತಿದ್ದ.

"ಎಡಕ್ಕೆ ತಗೊಂಡ್ರೆ ಕಾಲುವೆ" ಅನ್ನುತ್ತಿದ್ದಳು ಟೈಲರಮ್ಮ.

ಸೇತುವೆ ಬಂದಾಗ ಇಳಿಯುತ್ತಿದ್ದಳು. ಕಾಲುವೆಯ ನೀರಿನ ಮೇಲೆ ಬಿಲ್ಲಿನಂತೆ ಬಾಗಿದ ಸಣ್ಣ ಸೇತುವೆ. ಬ್ಯಾಟರಿ ಹೊತ್ತ ಬೈಕು ಎಮ್ಮೆಯಷ್ಟು ಭಾರ. ಏರಿನಲ್ಲಿ ಹಲ್ಲು ಕಚ್ಚಿ ತಳ್ಳಬೇಕು, ಇಳಿಜಾರಿನಲ್ಲಿ ಅದು ತನ್ನನ್ನೇ ಎಳೆದೊಯ್ಯದ ಹಾಗೆ ಹಿಡಿದುಕೊಳ್ಳಬೇಕು. ಆಕೆ ತಳ್ಳುತ್ತಿರುವಾಗ ಅಷ್ಟು ಹೊತ್ತು ಹಿಂದೆ ಸಿಕ್ಕಿಕೊಂಡಿದ್ದ ಗಟ್ಟಿ ಕಾಲುಗಳವರೆಲ್ಲ ಬೈಕಿನ ಮೇಲೆ ಕೂತೇ ಆಕೆಯನ್ನು ದಾಟಿ ಹೋಗುತ್ತಿದ್ದರು. ನಡೆಯಲಾರದವಳು ನಡೆಯುತ್ತಿದ್ದಳು. ಸಂಜೆ ಮಂಡಿಗೆ ಮುಲಾಮು ತಿಕ್ಕುತ್ತ ಮಗಳು, "ಇದೇನು ಹಟಾನಮ್ಮ?" ಎಂದು ಕೇಳಿದಳು. "ಹಟ ಅಲ್ಲ, ಬೋರ್ಡಿನಲ್ಲಿದೆ" ಅಂದಳು ತಾಯಿ. ಹಟವೇ ಆಗಿತ್ತು.

ದೂರುಗಳು ಬರತೊಡಗಿದವು. ನಿಯಮ ಮುರಿಯುವವರ ಮೇಲೆ ಬಂದಿದ್ದರೆ ಸದಸ್ಯರಿಗೆ ಸಂತೋಷವಾಗುತ್ತಿತ್ತು. ಬಂದದ್ದೆಲ್ಲ ನಿಯಮ ಪಾಲಿಸುವ ಒಬ್ಬಳ ಮೇಲೆ. ಟೈಲರಮ್ಮನ ಬೆಲ್ಲಿನಿಂದ ಬೆಳಗಿನ ಶಾಂತಿ ಹಾಳಾಗುತ್ತಿದೆ ಎಂದು ನಡೆಯುವವರು ಹೇಳಿದರು. ದಾರಿಗೆ ಅಡ್ಡವಾಗಿ ನಿಲ್ಲುತ್ತಾಳೆ ಎಂದು ಬೈಕಿನವರು ಹೇಳಿದರು. ಬ್ಯಾಂಕಿನ ಗುಮಾಸ್ತೆಗೆ ತಡವಾಗಿ ಬಂದದ್ದಕ್ಕೆ ಮ್ಯಾನೇಜರ್ ಕಾರಣ ಕೇಳಿದರಂತೆ, ಆಕೆ ಟೈಲರಮ್ಮನ ಹೆಸರು ಹೇಳಿದಳಂತೆ. ಮೇಷ್ಟ್ರು ಮಾತ್ರ ದೂರಲಿಲ್ಲ. ಅವರ ಬೀಗರು ದೂರಿದರು: ಆಕೆ ಹಿಂದೆ ಬಂದು ತಮ್ಮ ಮನೆ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ ಎಂದು.

ಸದಸ್ಯರು ಅಂಗಡಿಗೆ ಬಂದರು. ಈ ಸಲ ಹರಿದದ್ದು ಏನೂ ಇರಲಿಲ್ಲವಾದ್ದರಿಂದ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಇಸ್ತ್ರಿ ಮೇಜಿನ ಪಕ್ಕ ತಲೆ ತಗ್ಗಿಸಿ ನಿಂತರು.

"ಅತ್ತಿಗೆ, ಜನ ಏನೇನೋ ಮಾತಾಡ್ತಿದ್ದಾರೆ."

"ಏನಂತೆ?"

"ನೀವು ಸ್ವಲ್ಪ... ಜಾಸ್ತಿ ನಿಧಾನ ಅಂತೆ."

"ನಡೆಯೋರ ವೇಗ ಅಂತ ಬರೆದಿರೋದು ನೀನೇ ಅಲ್ವಾ?"

"ಬರೆದಿದ್ದೀನಿ. ಬರೆಯೋದು ಹಾಗೆ ಬರೀಬೇಕಾಗುತ್ತೆ. ಆದ್ರೆ ಓಡಿಸುವಾಗ ಸ್ವಲ್ಪ ಹಿಂದೆಮುಂದೆ ನೋಡ್ಕೊಂಡು, ಹೊಂದಿಸ್ಕೊಂಡು..."

"ಅಂದ್ರೆ ನಿಯಮ ಮುರಿ ಅಂತೀಯಾ?"

"ಛೆ, ಮುರೀರಿ ಅಂತ ನಾನು ಹೇಳೋಕಾಗುತ್ತಾ? ನಾನು ಸದಸ್ಯ."

"ಮತ್ತೆ ಪಾಲಿಸು ಅಂತೀಯಾ?"

ಸದಸ್ಯರು ಮೇಜಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಪಾಲಿಸಿ ಅಂತಾನೂ ಅಲ್ಲ. ನಾನು ಏನೂ ಹೇಳ್ತಿಲ್ಲ ಅತ್ತಿಗೆ. ಹೀಗೇ ಬಂದೆ."

"ಹೀಗೇ ಬಂದಿದ್ರೆ ಟೀ ಕುಡಿದು ಹೋಗು" ಅಂದಳು ಟೈಲರಮ್ಮ. ಗಂಡ ಹೋದ ಮೇಲೆ ಮೈದುನ ಹರುಕಿಲ್ಲದೆ ಅಂಗಡಿಗೆ ಬಂದದ್ದು ಅದೇ ಮೊದಲು. ಆಕೆಗೆ ಒಳಗೊಳಗೇ ಸಂತೋಷವಾಗಿತ್ತು. ಅದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಪುರಸಭೆ ದಂಡೆಗೆ ಒಬ್ಬ ಕಾವಲುಗಾರನನ್ನು ಹಾಕಿತ್ತು. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ವೇಗವಾಗಿ ಹೋಗುವವರನ್ನು ಹಿಡಿಯುವುದು ಅವನ ಕೆಲಸ. ಆದರೆ ವೇಗವಾಗಿ ಹೋಗುವವರನ್ನು ನಡೆದು ಹಿಡಿಯಲಾಗುವುದಿಲ್ಲ. ಅವನು ಸೀಟಿ ಊದುವಷ್ಟರಲ್ಲಿ ಅವರು ಗಲ್ಲಿಯಲ್ಲಿರುತ್ತಿದ್ದರು. ಒಂದು ತಿಂಗಳು ಯಾರನ್ನೂ ಹಿಡಿಯಲಿಲ್ಲ ಎಂದು ಕಚೇರಿಯಲ್ಲಿ ಬೈಸಿಕೊಂಡ ಮೇಲೆ, ಅವನು ಹಿಡಿಯಲು ಸಾಧ್ಯವಿದ್ದ ಒಬ್ಬಳನ್ನೇ ಹಿಡಿದ.

"ಅಮ್ಮಾ, ನೀವು ದಾರಿಗೆ ಅಡ್ಡಿ ಮಾಡ್ತಿದ್ದೀರ ಅಂತ ಹೇಳಿದ್ದಾರೆ. ನಿಮಗೆ ಎಚ್ಚರಿಕೆ ಕೊಡಬೇಕಂತೆ."

"ಕೊಡಪ್ಪ" ಅಂದಳು ಟೈಲರಮ್ಮ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಎಚ್ಚರಿಕೆ ಅಮ್ಮ" ಅಂದ. ಆಮೇಲೆ, "ನಿಮ್ಮ ಬೈಕಿನ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಇದೆ, ನೋಡ್ಕೊಳ್ಳಿ" ಅಂದ.

ಇದಾದ ಕೆಲವೇ ದಿನಕ್ಕೆ ಆ ಘಟನೆ ನಡೆಯಿತು. ಅದನ್ನು ಘಟನೆ ಅನ್ನಬಹುದೋ ಇಲ್ಲವೋ ಎಂಬುದರ ಮೇಲೆ ಮುಂದೆ ಚರ್ಚೆಯಾಯಿತು. ನಡೆದದ್ದು ಇಷ್ಟು.

ದಂಡೆಯ ಒಂದು ತಿರುವಿನಲ್ಲಿ ಮಕ್ಕಳ ಆಟದ ಜಾಗವಿದೆ. ದಾರಿಗೂ ಅದಕ್ಕೂ ನಡುವೆ ಆಳೆತ್ತರದ ಪೊದೆಬೇಲಿ. ಬೇಲಿಯಲ್ಲಿ ಒಂದು ಕಂಡಿ. ಅಂದು ಟೈಲರಮ್ಮನ ಹಿಂದೆ ಡಬ್ಬಿಯೂ, ಅವನ ಹಿಂದೆ ಇನ್ನು ನಾಲ್ಕಾರು ಬೈಕುಗಳೂ ಇದ್ದವು. ಡಬ್ಬಿಗೆ ಅಂದು ತೀರ ತಡವಾಗಿತ್ತು, ಎದೆಯ ಫೋನು ಬಿಡದೆ ಹೇಳುತ್ತಿತ್ತು. ತಿರುವು ದಾಟಿದರೆ ಸ್ವಲ್ಪ ಅಗಲ ಸಿಗುತ್ತದೆ, ಅಲ್ಲಿ ಈ ಅಮ್ಮನನ್ನು ಬಲಗಡೆಯಿಂದ ದಾಟಿಬಿಡಬೇಕೆಂದು ಅವನು ಹ್ಯಾಂಡಲ್ ಬಿಗಿಹಿಡಿದಿದ್ದ. ಅಷ್ಟರಲ್ಲಿ ಕಂಡಿಯಿಂದ ಒಂದು ಮಗು ಹೊರಗೆ ಓಡಿ ಬಂತು. ಒಂದೂವರೆ ಎರಡು ವರ್ಷದ್ದಿರಬೇಕು. ಒಂದು ಕಾಲಲ್ಲಿ ಬೂಟು, ಇನ್ನೊಂದು ಬೂಟು ಕೈಯಲ್ಲಿ. ಹಿಂದಿನಿಂದ ಯಾರೋ ಬೂಟು ಹಾಕಲು ಅಟ್ಟಿಸಿಕೊಂಡು ಬರುತ್ತಿದ್ದರೆಂದು ಕಾಣುತ್ತದೆ, ಮಗು ಹಿಂದಕ್ಕೆ ನೋಡಿ ನಗುತ್ತ ನೇರ ಬೈಕಿಗೇ ಬಂತು.

ಟೈಲರಮ್ಮ ಬ್ರೇಕು ಒತ್ತಿದಳು. ಅಷ್ಟು ನಿಧಾನದ ಬೈಕಿಗೆ ಬ್ರೇಕು ಹೆಚ್ಚೇನೂ ಬೇಕಿರಲಿಲ್ಲ. ನಿಂತಿತು. ಹಿಂದಿನವರೆಲ್ಲ ಒಬ್ಬೊಬ್ಬರಾಗಿ ನಿಂತರು. ಮಗು ಮುಂದಿನ ಚಕ್ರವನ್ನು ಅಂಗೈಯಿಂದ ಮುಟ್ಟಿ, ಅಲ್ಲೇ ಕುಕ್ಕರಿಸಿ, ಹೆಲ್ಮೆಟ್ಟಿನೊಳಗಿನ ಅಪರಿಚಿತ ಮುಖ ನೋಡಿ ಜೋರಾಗಿ ಅಳತೊಡಗಿತು.

ತಾತ ಓಡಿ ಬಂದು ಮಗುವನ್ನು ಎತ್ತಿಕೊಂಡರು. "ನೋಡ್ಕೊಂಡು ಓಡಿಸೋಕಾಗಲ್ವೇನ್ರೀ? ಮಕ್ಕಳು ಓಡಾಡೋ ಜಾಗ. ಈ ವಯಸ್ಸಲ್ಲಿ ನಿಮಗೆ ಬೈಕು ಯಾಕೆ ಬೇಕು?"

"ಮಗುಗೆ ಏನೂ ಆಗಿಲ್ಲ" ಅಂದಳು ಟೈಲರಮ್ಮ.

"ಆಗಿದ್ರೆ?"

ತಾತ ಮಗುವಿನ ಬೆನ್ನು ತಟ್ಟುತ್ತ ಒಳಗೆ ಹೋದರು. ಟೈಲರಮ್ಮ ಹಿಂದಿರುಗಿ ನೋಡಿದಾಗ ಡಬ್ಬಿ ಬೈಕಿನಿಂದ ಇಳಿದು ನಿಂತಿದ್ದ. ಮುಖ ಸುಣ್ಣ ಬಳಿದಂತಾಗಿತ್ತು. ಅವನ ಫೋನು ತಡವಾಗುತ್ತಿದೆ ಎಂದಿತು. ಅವನು ಅದನ್ನು ಜೇಬಿನಿಂದ ತೆಗೆದು ಬಾಯಿ ಮುಚ್ಚಿಸಿದ. ಸೇತುವೆ ಬಂದಾಗ ತನ್ನ ಬೈಕನ್ನು ಈಚೆಗೇ ನಿಲ್ಲಿಸಿ, ಆಕೆಯದನ್ನು ಆಚೆ ದಡದವರೆಗೆ ತಳ್ಳಿಕೊಟ್ಟು, ಓಡಿ ಬಂದು ತನ್ನದನ್ನು ಹತ್ತಿ ಹೋದ. ಹತ್ತಿಯೇ ಹೋದ, ತಳ್ಳಲಿಲ್ಲ.

ಟೈಲರಮ್ಮ ಅಂಗಡಿಗೆ ಬಂದು ಕುಳಿತಳು. ಸೂಜಿಗೆ ದಾರ ಪೋಣಿಸಿ ಹಾಗೇ ಮೇಜಿನ ಮೇಲಿಟ್ಟಳು. ಇಷ್ಟು ದಿನ ಮೈದುನನಿಗೆ ಪಾಠ ಕಲಿಸಲೆಂದು ನಿಧಾನ ಹೋಗುತ್ತಿದ್ದೆ ಎಂಬುದು ಆಕೆಗೆ ಗೊತ್ತಿತ್ತು. ಮೈದುನನ ಮೇಲಿನ ಸಿಟ್ಟು ಹಿಂದಿನ ದಿನವೇ ಇಳಿದುಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ, ಎದ್ದು ನೀರು ಕುಡಿದಳು.

ಪುರಸಭೆಯಲ್ಲಿ ನಿಯಮಗಳ ಪರಿಶೀಲನೆಗೆ ಸಭೆ ಕರೆದರು. ಸಾರ್ವಜನಿಕರೂ ಬರಬಹುದೆಂದು ಹೇಳಿದ್ದರಿಂದ ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಹೋದಳು. ಡಬ್ಬಿ ಕೊನೆಯ ಸಾಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಫ್ಯಾನು ತಿರುಗುತ್ತಿತ್ತು, ಗಾಳಿ ಅಧ್ಯಕ್ಷರ ಮೇಜಿಗೆ ಮಾತ್ರ ಬರುತ್ತಿತ್ತು.

ಮುಖ್ಯಾಧಿಕಾರಿ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ನಿಯಮ ಬಂದ ಮೇಲೆ ಆ ದಾರಿಯಲ್ಲಿ ಒಂದೇ ಒಂದು ಅಪಘಾತ ಆಗಿಲ್ಲ. ಇದರಿಂದ ಅಲ್ಲಿ ಅಂಥ ಅಪಾಯ ಏನೂ ಇಲ್ಲ ಅಂತ ಸ್ಪಷ್ಟವಾಗುತ್ತೆ. ಹಾಗಾಗಿ ವೇಗದ ನಿಯಮ ಸಡಿಲಿಸಬಹುದು."

ಎಲ್ಲರೂ ತಲೆಯಾಡಿಸಿದರು. ಟೈಲರಮ್ಮ ಎದ್ದು ನಿಂತು ಮಗುವಿನ ವಿಷಯ ಹೇಳಿದಳು. ಮುಖ್ಯಾಧಿಕಾರಿ ಗಮನವಿಟ್ಟು ಕೇಳಿದರು, ಅವರು ಕೆಟ್ಟವರೇನಲ್ಲ.

"ಮಗುಗೆ ಪೆಟ್ಟಾಯ್ತಾಮ್ಮ?"

"ಇಲ್ಲ."

"ನಿಮಗೆ?"

"ಇಲ್ಲ."

"ಗಾಡಿಗೇನಾದ್ರೂ?"

"ಏನೂ ಆಗ್ಲಿಲ್ಲ."

"ಹಾಗಾದ್ರೆ ನಾನು ಏನಂತ ಬರ್ಕೊಳ್ಳಲಿ?"

"ಏನೂ ಆಗ್ಲಿಲ್ಲ ಅಂತಾನೇ ಬರ್ಕೊಳ್ಳಿ. ಅದನ್ನ ಹೇಳೋಕೇ ಬಂದಿದ್ದು."

ಸಭೆಯಲ್ಲಿ ನಗು ಎದ್ದಿತು. ಮುಖ್ಯಾಧಿಕಾರಿಯೂ ನಕ್ಕರು. "ಏನೂ ಆಗದೇ ಇರೋದು ಊರಲ್ಲಿ ದಿನಾ ಆಗ್ತಾನೇ ಇರುತ್ತಮ್ಮ. ಅದನ್ನೆಲ್ಲ ಬರೆಯೋಕೆ ಕೂತ್ರೆ ನಮಗೆ ಬೇರೆ ಕೆಲಸ ಆಗಲ್ಲ."

ಆಗ ಡಬ್ಬಿ ಎದ್ದ. "ಸಾರ್, ನಾನು ಹಿಂದೆ ಇದ್ದೆ. ಅಮ್ಮ ಅಡ್ಡ ಇಲ್ದಿದ್ರೆ ನಾನು ಆ ಮಗೂನ ಗುದ್ದಿರ್ತಿದ್ದೆ."

"ಅಂದ್ರೆ ನೀವು ನಿಯಮ ಮುರಿದು ವೇಗವಾಗಿ ಓಡಿಸ್ತೀರ ಅಂತ ಒಪ್ಕೋತೀರಾ?" ಎಂದು ಬೇರೊಬ್ಬ ಸದಸ್ಯ ಕೇಳಿದ.

ಡಬ್ಬಿ ಸುತ್ತ ನೋಡಿ ಮೆಲ್ಲಗೆ ಕುಳಿತುಕೊಂಡ.

ಟೈಲರಮ್ಮ ಇನ್ನೊಂದು ಮಾತು ಹೇಳಿದಳು. ವೇಗದ ನಿಯಮ ಇರಲಿ, ಸೇತುವೆಯದನ್ನು ಮಾತ್ರ ನೋಡಿ, ಮಂಡಿನೋವಿನವರಿಗೆ ತಳ್ಳುವುದು ಕಷ್ಟ, ಬೈಕಿನ ಮೇಲೆ ಕೂತೇ ನಿಧಾನವಾಗಿ ಹೋಗಲು ಬಿಡಿ ಎಂದು. ಮುಖ್ಯಾಧಿಕಾರಿ ಕಡತ ತಿರುವಿದರು. ಸೇತುವೆಯ ನಿಯಮದ ಬಗ್ಗೆ ಒಬ್ಬರಿಂದಲೂ ದೂರು ಬಂದಿರಲಿಲ್ಲ. ಬರುವುದಾದರೂ ಹೇಗೆ, ಆಕೆಯನ್ನು ಬಿಟ್ಟರೆ ಅದನ್ನು ಪಾಲಿಸಿದವರೇ ಇರಲಿಲ್ಲ.

ಕೊನೆಯಲ್ಲಿ ಮೈದುನ ಮಾತಾಡಲು ಎದ್ದರು. ಅತ್ತಿಗೆಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, "ನಮ್ಮ ಅತ್ತಿಗೆ ಇಡೀ ಊರಿಗೆ ಮಾದರಿ" ಅಂದರು. ಮನಸ್ಸಿನಿಂದಲೇ ಅಂದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಂತ ಮೇಲೆ ಎಲ್ಲರೂ ಕೈಯೆತ್ತಿ ವೇಗದ ನಿಯಮವನ್ನು ತೆಗೆದುಹಾಕಿದರು. ಎತ್ತಿದ ಕೈಗಳಲ್ಲಿ ಮೈದುನನ ಕೈಯೂ ಇತ್ತು. ಅದರ ಬದಲು 'ಎಚ್ಚರದಿಂದ ಚಲಿಸಿ' ಎಂದು ಬರೆಸುವುದು, ಸೇತುವೆಯ ನಿಯಮ ಇದ್ದ ಹಾಗೇ ಇರುವುದು ಎಂದು ತೀರ್ಮಾನವಾಯಿತು.

"ಇನ್ನು ಆರಾಮವಾಗಿ ಓಡಿಸು. ಈಗ ನಿಯಮಾನೇ ಇಲ್ವಲ್ಲಮ್ಮ" ಅಂದಳು ಮಗಳು ಆ ಸಂಜೆ.

"ಮಕ್ಕಳು ಇದ್ದಾವಲ್ಲ" ಅಂದಳು ಟೈಲರಮ್ಮ.

ಆಕೆ ನಡೆಯುವವರ ವೇಗದಲ್ಲೇ ಹೋಗುತ್ತಿದ್ದಳು. ಈಗ ಅದರಲ್ಲಿ ಹಟವಿರಲಿಲ್ಲ, ಹಾಗಾಗಿ ಮೊದಲಿನ ಮಜವೂ ಇರಲಿಲ್ಲ. ಮುಖಕ್ಕೆ ಬಡಿಯುತ್ತಿದ್ದ ಗಾಳಿಯ ನೆನಪಾಗಿ ಕೆಲವು ದಿನ ಬೇಸರವೂ ಆಗುತ್ತಿತ್ತು. ಜನ ಗೊಣಗುವುದನ್ನು ಬಿಟ್ಟಿರಲಿಲ್ಲ. ಡಬ್ಬಿ ಮಾತ್ರ ಆ ತಿರುವಿನವರೆಗೆ ತೆಪ್ಪಗೆ ಆಕೆಯ ಹಿಂದೆ ಬರುತ್ತಿದ್ದ, ತಿರುವು ದಾಟಿದ ಮೇಲೆ ಕೈಯೆತ್ತಿ ತೋರಿಸಿ ಹಾರಿಹೋಗುತ್ತಿದ್ದ. ತಡವಾಗದ ದಿನ ಸೇತುವೆಯ ಹತ್ತಿರ ಕಾಯುತ್ತಿದ್ದ. ಅಂಥ ದಿನಗಳು ಕಡಿಮೆ.

ಒಂದು ಮಧ್ಯಾಹ್ನ ಹೆಂಗಸೊಬ್ಬರು ಮೊಮ್ಮಗಳ ಶಾಲೆಯ ಲಂಗ ಉದ್ದ ಬಿಡಿಸಲು ಅಂಗಡಿಗೆ ಬಂದರು. ಊರಿಗೆ ಹೊಸಬರು, ಮಾತಿಗೆ ಬರವಿಲ್ಲದವರು. ಮಡಿಕೆ ಬಿಚ್ಚುವವರೆಗೆ ಕುಳಿತು ದಂಡೆಯ ವಿಷಯ ತೆಗೆದರು.

"ಮೊದಲು ಅಲ್ಲಿಗೆ ಮಗೂನ ಕರ್ಕೊಂಡು ಹೋಗೋಕೇ ಭಯ ಆಗ್ತಿತ್ತು. ಈಗ ಬೆಳಿಗ್ಗೆ ಒಬ್ಬಳು ಬರ್ತಾಳೆ, ಹೆಲ್ಮೆಟ್ ಹಾಕ್ಕೊಂಡಿರ್ತಾಳೆ, ಯಾರು ಅಂತ ಗೊತ್ತಿಲ್ಲ. ದಾರಿ ತುಂಬಾ ಬೆಲ್ಲು ಹೊಡೀತಾ ಆಮೆ ಥರ ಹೋಗ್ತಾಳೆ. ನೋಡಿದ್ರೆ ಮೈ ಉರಿಯುತ್ತೆ. ಆದ್ರೆ ಅವಳ ಹಿಂದೆ ಒಬ್ಬನೂ ವೇಗವಾಗಿ ಹೋಗೋಕಾಗಲ್ಲ ನೋಡಿ. ಅದಕ್ಕೇ ನಾವು ನಾಲ್ಕೈದು ಜನ ಅವಳು ಬರೋವರೆಗೆ ಕಲ್ಲುಬೆಂಚಿನ ಮೇಲೆ ಕೂತಿದ್ದು, ಅವಳು ಬಂದ ಕೂಡ್ಲೇ ಮಕ್ಕಳನ್ನ ದಾರಿಗೆ ಬಿಡ್ತೀವಿ."

"ದಿನಾ?"

"ದಿನಾ. ಗಡಿಯಾರ ಇದ್ದ ಹಾಗೆ ಬರ್ತಾಳೆ."

ಟೈಲರಮ್ಮ ಲಂಗದ ಅಂಚಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. "ಮುಂದಿನ ವರ್ಷಕ್ಕೂ ಆಗೋ ಹಾಗೆ ಸ್ವಲ್ಪ ಬಟ್ಟೆ ಒಳಗೆ ಬಿಟ್ಟಿರ್ತೀನಿ" ಅಂದಳು. ಆ ರಾತ್ರಿ ಆಕೆಗೆ ಬೇಗ ನಿದ್ದೆ ಹತ್ತಲಿಲ್ಲ.

ಮರುದಿನ, ಇಷ್ಟು ವರ್ಷ ಇಲ್ಲದ್ದು, ಆಕೆಗೆ ಏಳುವುದೇ ತಡವಾಯಿತು. ಲೋಟದಲ್ಲಿ ಅರ್ಧ ಟೀ ಬಿಟ್ಟು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಲೇ ಹೊರಟಳು. ಬೆಂಚಿನ ಮೇಲೆ ಅವರೆಲ್ಲ ಕಾಯುತ್ತಿರುತ್ತಾರೆ, ಕಾದು ಕಾದು ಮಕ್ಕಳನ್ನು ಬಿಟ್ಟುಬಿಟ್ಟರೆ ಎಂಬುದೊಂದೇ ತಲೆಯಲ್ಲಿತ್ತು. ಯಾವಾಗ ಹ್ಯಾಂಡಲ್ ಪೂರ್ತಿ ತಿರುವಿದಳೋ ಆಕೆಗೇ ಗೊತ್ತಿಲ್ಲ. ಬೈಕು ಮುಂದಕ್ಕೆ ಹಾರಿತು. ಮುಖಕ್ಕೆ ಗಾಳಿ ಬಡಿಯಿತು. ನಡೆಯುವವರಿಬ್ಬರು ಪಕ್ಕಕ್ಕೆ ನೆಗೆದರು, ಬೆಲ್ಲು ಮಾಡಿದ್ದಳೋ ಇಲ್ಲವೋ ನೆನಪಿಲ್ಲ.

ಸೀಟಿ ಕೇಳಿಸಿತು. ಕಾವಲುಗಾರ ಎರಡೂ ಕೈ ಚಾಚಿ ಎದುರಿಗೇ ನಿಂತಿದ್ದ. ಆಕೆ ಕಾಲನ್ನು ನೆಲಕ್ಕೆ ಉಜ್ಜುತ್ತ ಬ್ರೇಕು ಒತ್ತಿ, ಅವನಿಂದ ಒಂದು ಮೊಳ ದೂರದಲ್ಲಿ ನಿಲ್ಲಿಸಿದಳು. ಅವನು ಮೊದಲ ಸಲ ಒಬ್ಬರನ್ನು ವೇಗಕ್ಕೆ ಹಿಡಿದಿದ್ದ. ಹಿಡಿದವರು ಯಾರೆಂದು ನೋಡಿ ಅವನ ಕೈ ತಾನಾಗಿ ಇಳಿಯಿತು.

"ಏನಮ್ಮಾ, ನೀವೇ ಹೀಗಾ?"

ಟೈಲರಮ್ಮ ಇಳಿದಳು. "ತಪ್ಪಾಯ್ತಪ್ಪ. ದಂಡ ಹಾಕು."

"ಯಾವುದರ ಮೇಲೆ ಹಾಕ್ಲಿ? ಆ ನಿಯಮ ತೆಗೆದುಬಿಟ್ಟಿದ್ದಾರೆ."

"ಎಚ್ಚರದಿಂದ ಚಲಿಸಿ ಅಂತ ಇದೆಯಲ್ಲ?"

"ಅದಕ್ಕೆ ದಂಡ ಇಲ್ಲಮ್ಮ. ಅದು ಸುಮ್ನೆ ಬರೆದಿರೋದು." ಅವನು ಸೀಟಿಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡು ಆಕೆಯ ಮುಖ ನೋಡಿದ. "ಅಷ್ಟು ಅವಸರ ಏನಿತ್ತು?"

ನಿಧಾನ ಹೋಗುವುದಕ್ಕೆ ತಡವಾಗಿತ್ತು ಎಂದು ಹೇಗೆ ಹೇಳುವುದು? ಆಕೆ ದಾರಿಯ ಆಚೆ ಬೆಂಚಿನ ಕಡೆ ಕೈ ತೋರಿಸಿದಳು. ಅಜ್ಜಿಯರು ಸಾಲಾಗಿ ಕುಳಿತಿದ್ದರು, ಮಕ್ಕಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಕಾವಲುಗಾರನಿಗೆ ಏನು ಅರ್ಥವಾಯಿತೋ, ಪಕ್ಕಕ್ಕೆ ಸರಿದ.

"ಇಲ್ಲಿಂದ ಮುಂದೆ ಮೆಲ್ಲಗೆ ಹೋಗಿ ಅಮ್ಮ" ಅಂದ.

ಆಕೆ ಬೈಕು ಹತ್ತಿ, ಬೆಲ್ಲು ಮಾಡಿ, ಮೆಲ್ಲಗೆ ಹೋದಳು.